ಕೆಜಿ ಬದಲಾಗಿದೆ ಅಂತ ಹೇಳ್ಕೊಂಡು ಬಂದವರ ಕೈಗೆ ತಕ್ಕಡಿ ಕೊಡ್ಬೇಡಿ

ಓದುಗರ ಪ್ರಶ್ನೆ: ಚಿಕ್ಕಮಗಳೂರಲ್ಲಿ ನಮ್ಮದೊಂದು ಸಣ್ಣ ಚಿನ್ನ ಬೆಳ್ಳಿ ಅಂಗಡಿ ಇದೆ, ತಾತನ ಕಾಲದ್ದು. ಈಚೆಗೆ ದೆಹಲಿಯಲ್ಲಿರೋ ನಮ್ಮ ಭಾವ ಅಲ್ಲಿಂದ ಒಂದು ಎಲೆಕ್ಟ್ರಾನಿಕ್ ಸ್ಕೇಲ್ ತಂದ್ಕೊಟ್ರು, 10 ಮಿಲಿಗ್ರಾಂವರೆಗೂ ತೋರ್ಸತ್ತೆ. ಅಂಗಡಿಯವ್ರು ಭಾವನ ಎದುರಿಗೇ 100 ಗ್ರಾಂ ಬಟ್ಟು ಇಟ್ಟು 100.00 ಅಂತ ತೋರ್ಸಿದ್ರಂತೆ. ಇಲ್ಲಿ ನಮ್ಮ ಸೀಲ್ ಆಗಿರೋ 100 ಗ್ರಾಂ ಬಟ್ಟು ಇಟ್ರೆ 99.88 ಬರತ್ತೆ, ಎಷ್ಟು ಸಲ ಇಟ್ರೂ ಅಷ್ಟೇ. ತಾತನ ಎರಡು ತಟ್ಟೆಯ ತಕ್ಕಡಿಯಲ್ಲಿ ಅದೇ ಬಟ್ಟನ್ನ ಇನ್ನೊಂದು ಬಟ್ಟಿನ ಜೊತೆ ತೂಗಿದ್ರೆ ಮುಳ್ಳು ನಟ್ಟನಡುವೆ ನಿಲ್ಲತ್ತೆ. ರಿಪೇರಿಯವ್ರೊಬ್ರು ಬಂದು "2019ರಲ್ಲಿ ಕೆಜಿನೇ ಚೇಂಜ್ ಆಯ್ತು, ಪ್ಯಾರಿಸ್‌ನಲ್ಲಿದ್ದ ಅಸಲಿ ಬಟ್ಟು ಸವೆದು ಹೋಗಿದೆ, ನಿಮ್ಮ ಹಳೇ ಬಟ್ಟುಗಳೆಲ್ಲ ವೇಸ್ಟು, ಎಲ್ಲಾನೂ ಹೊಸ ಕೆಜಿಗೆ ಅಪ್‌ಗ್ರೇಡ್ ಮಾಡಿಸ್ಬೇಕು" ಅಂತ ದೊಡ್ಡ ಮೊತ್ತ ಕೇಳ್ತಿದ್ದಾರೆ. ಇದ್ರ ಮಧ್ಯೆ ಒಬ್ಬ ಗಿರಾಕಿ 1950ರ ದಶಕದ ಚೀಟಿ ಹಿಡ್ಕೊಂಡು ಬಂದಿದ್ದಾರೆ, ಅದ್ರಲ್ಲಿ 10 ತೊಲ ಸರ ಅಂತಿದೆ, ನಮ್ಮಲ್ಲಿ ತೂಗಿದ್ರೆ 116 ಗ್ರಾಂ ಚಿಲ್ಲರೆ ಬರತ್ತೆ, ಅವ್ರು 100 ಗ್ರಾಂ ಬರ್ಬೇಕಿತ್ತಲ್ಲ ನಿಮ್ಮ ತಕ್ಕಡಿನೇ ಸರಿ ಇಲ್ಲ ಅಂತಿದ್ದಾರೆ. ಯಾವುದನ್ನ ನಂಬೋದು?

ಉತ್ತರ: ನಿಮ್ಮ ಚಿಂತೆ ಅರ್ಥ ಆಗತ್ತೆ, ಚಿನ್ನದ ಅಂಗಡಿಗೆ ತಕ್ಕಡಿ ಮೇಲೆ ಒಂದ್ಸಲ ಅನುಮಾನ ಬಂತು ಅಂದ್ರೆ ಊರೆಲ್ಲ ಸುದ್ದಿ. ಆದ್ರೆ ಇಲ್ಲಿ ಮೂರು ಬೇರೆಬೇರೆ ವಿಷಯ ಒಂದಕ್ಕೊಂದು ಗಂಟು ಬಿದ್ದಿವೆ. ಕೆಜಿಯ ವ್ಯಾಖ್ಯೆ ಬದಲಾಗಿದ್ದು ನಿಜ, ಕೆಜಿ ಬದಲಾಗಿಲ್ಲ. ನಿಮ್ಮ ಹೊಸ ಸ್ಕೇಲ್ ಕಮ್ಮಿ ತೋರ್ಸ್ತಿರೋದೂ ನಿಜ, ಅದಕ್ಕೂ ಪ್ಯಾರಿಸ್‌ಗೂ ಸಂಬಂಧ ಇಲ್ಲ, ಅದು ದೆಹಲಿಗೂ ನಿಮ್ಮೂರಿಗೂ ಇರೋ ಗುರುತ್ವದ ವ್ಯತ್ಯಾಸ. ತೊಲದ್ದು ಮೂರನೇ ಕಥೆ, ಅದರಲ್ಲಂತೂ ನಿಮ್ಮ ತಕ್ಕಡಿದು ಏನೂ ತಪ್ಪಿಲ್ಲ.

ಮೊದ್ಲು ಪ್ಯಾರಿಸ್ ಬಟ್ಟಿನ ವಿಷಯ ಮುಗಿಸೋಣ, ಯಾಕಂದ್ರೆ ಈ ಅಪ್‌ಗ್ರೇಡ್ ಮಾತು ಹೇಳ್ಕೊಂಡು ಅಂಗಡಿ ಅಂಗಡಿ ಸುತ್ತೋರನ್ನ ನಾನು ಕ್ಯಾಲಿಬ್ರೇಷನ್ ಲ್ಯಾಬಿನ ಕೆಲಸದಲ್ಲಿ ಆಗಾಗ ನೋಡ್ತಾನೇ ಇರ್ತೀನಿ.

ಕೆಜಿ ಹುಟ್ಟಿದ್ದು ಫ್ರೆಂಚ್ ಕ್ರಾಂತಿ ಕಾಲದಲ್ಲಿ. ಅಲ್ಲಿವರೆಗೂ ಅಲ್ಲಿ ಊರಿಗೊಂದು ತೂಕ, ಸಂತೆಗೊಂದು ಅಳತೆ, ನಮ್ಮಲ್ಲಿ ಕಚ್ಚಾ ಸೇರು ಪಕ್ಕಾ ಸೇರು ಅಂತ ಇದ್ದ ಹಾಗೇ. ಇದೆಲ್ಲ ಬೇಡ, ಯಾವ ರಾಜನಿಗೂ ಸೇರದ, ಪ್ರಕೃತಿಯಿಂದಲೇ ತೆಗೆದ ಅಳತೆ ಬೇಕು ಅಂತ ಹೊರಟ್ರು. ಮೀಟರ್ ಅಂದ್ರೆ ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಕೋಟಿಯಲ್ಲಿ ಒಂದು ಭಾಗ, ಕೆಜಿ ಅಂದ್ರೆ 10 ಸೆಂಟಿಮೀಟರ್ ಘನದಷ್ಟು ನೀರಿನ ತೂಕ. ಡೆಲಾಂಬ್ರ ಮತ್ತು ಮೆಶೇನ್ ಅನ್ನೋ ಇಬ್ರು 1792ರಿಂದ 1798ರವರೆಗೆ ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೂ ಭೂಮಿ ಅಳೆದ್ರು, ಯುದ್ಧ ಗಲಾಟೆ ಎಲ್ಲದರ ನಡುವೆ. 1799ರ ಜೂನ್‌ನಲ್ಲಿ ಪ್ಲಾಟಿನಂನ ಒಂದು ಮೀಟರ್ ಪಟ್ಟಿ, ಒಂದು ಕೆಜಿ ಬಟ್ಟು ಮಾಡಿ ಸರ್ಕಾರಿ ದಫ್ತರದಲ್ಲಿ ಇಟ್ರು.

ಇಷ್ಟೆಲ್ಲ ಕಷ್ಟಪಟ್ರೂ ಎರಡೂ ಸ್ವಲ್ಪ ಸ್ವಲ್ಪ ತಪ್ಪಿದ್ವು. ಮೀಟರ್ ಸುಮಾರು 0.2 ಮಿಲಿಮೀಟರ್ ಗಿಡ್ಡ ಆಗಿತ್ತು, ನೀರಿನ ಲೆಕ್ಕಕ್ಕೂ ಕೆಜಿ ಬಟ್ಟಿಗೂ 28 ಮಿಲಿಗ್ರಾಂ ವ್ಯತ್ಯಾಸ ಇತ್ತು. ಗೊತ್ತಾದ ಮೇಲೆ ಏನ್ ಮಾಡಿದ್ರು? ಬಟ್ಟನ್ನ ತಿದ್ದಲಿಲ್ಲ. ಅಷ್ಟೊತ್ತಿಗೆ ಜನ ಅದ್ರಲ್ಲೇ ವ್ಯಾಪಾರ ಮಾಡ್ತಿದ್ರು, ಅದ್ರದೇ ಕಾಪಿಗಳು ದೇಶದೇಶಕ್ಕೆ ಹೋಗಿದ್ವು, ಹಾಗಾಗಿ ವ್ಯಾಖ್ಯೆಯನ್ನೇ ಬಿಟ್ಟು ಬಟ್ಟನ್ನ ಉಳಿಸ್ಕೊಂಡ್ರು. ಈ ವಿಷ್ಯ ನೆನಪಿಟ್ಕೊಳ್ಳಿ, ಯಾಕಂದ್ರೆ 2019ರಲ್ಲಿ ಆಗಿದ್ದೂ ಇದೇ ಜಾತಿಗೆ ಸೇರಿದ್ದು.

1875ರ ಮೇ 20ರಂದು 17 ದೇಶಗಳು ಪ್ಯಾರಿಸ್‌ನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದ್ವು. ಪಕ್ಕದ ಸೆವ್ರ್ ಅನ್ನೋ ಊರಲ್ಲಿ ಅಂತಾರಾಷ್ಟ್ರೀಯ ಬ್ಯೂರೋ ಶುರುವಾಯ್ತು. ಅಲ್ಲಿಗೆ ಅಂತ 90 ಭಾಗ ಪ್ಲಾಟಿನಂ 10 ಭಾಗ ಇರಿಡಿಯಂ ಸೇರಿಸಿ ಹೊಸ ಕೆಜಿ ಮಾಡಿದ್ರು, ಎತ್ತರನೂ ಅಗಲನೂ 39 ಮಿಲಿಮೀಟರ್ ಆಸುಪಾಸು, ಅಂಗೈಯಲ್ಲಿ ಮುಚ್ಚಿಟ್ಕೋಬಹುದು ಅಷ್ಟು ಚಿಕ್ಕದು. ಅದನ್ನ 1799ರ ಹಳೇ ಬಟ್ಟಿಗೆ ಸರಿಯಾಗಿ ಹೊಂದಿಸಿ, 1889ರಲ್ಲಿ ಇದೇ ಜಗತ್ತಿನ ಕೆಜಿ ಅಂತ ಒಪ್ಪಿಕೊಂಡ್ರು. ಒಂದರೊಳಗೊಂದು ಗಾಜಿನ ಗಂಟೆ, ನೆಲಮಾಳಿಗೆಯ ತಿಜೋರಿ, ತೆಗೀಬೇಕಂದ್ರೆ ಮೂರು ಬೀಗದ ಕೈ ಮೂರು ಜನರ ಹತ್ರ. ದೇಶಗಳಿಗೆ ಕಾಪಿ ಹಂಚಿದ್ರು, ನಮ್ಮ ಕಾಪಿ ನಂಬರ್ 57, ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ.

ಇನ್ನು ಆ "ಸವೆದು ಹೋಗಿದೆ" ಅನ್ನೋ ಮಾತಿಗೆ ಬರೋಣ. 1988ರಿಂದ 1992ರವರೆಗೆ ಅಸಲಿ ಬಟ್ಟನ್ನ ಹೊರಗೆ ತೆಗೆದು, ಜಿಂಕೆ ಚರ್ಮದ ಥರದ ಮೆತ್ತನೆ ಚರ್ಮದಲ್ಲಿ ಈಥರ್ ಆಲ್ಕೋಹಾಲ್ ಹಾಕಿ ಒರೆಸಿ, ಹಬೆಯಲ್ಲಿ ತೊಳೆದು, ಕಾಪಿಗಳ ಜೊತೆ ತೂಗಿ ನೋಡಿದ್ರು. ನೂರು ವರ್ಷದಲ್ಲಿ ಕಾಪಿಗಳಿಗೂ ಅಸಲಿಗೂ ಸರಾಸರಿ 50 ಮೈಕ್ರೋಗ್ರಾಂನಷ್ಟು ವ್ಯತ್ಯಾಸ ಬಂದಿತ್ತು. ಒಂದು ಸಣ್ಣ ಮರಳಿನ ಕಣ ಇರತ್ತಲ್ಲ, ಅಷ್ಟು. ಅಸಲಿ ಕಮ್ಮಿ ಆಯ್ತೋ ಕಾಪಿಗಳು ಜಾಸ್ತಿ ಆದ್ವೋ ಅಂತ ಹೇಳೋಕೆ ದಾರಿನೇ ಇರ್ಲಿಲ್ಲ, ಯಾಕಂದ್ರೆ ಕಾನೂನು ಪ್ರಕಾರ ಆ ಬಟ್ಟು ಯಾವಾಗ್ಲೂ ಒಂದು ಕೆಜಿನೇ, ಅದು ಬದಲಾದ್ರೆ ಜಗತ್ತೇ ಬದಲಾದ ಹಾಗೆ ಲೆಕ್ಕ. ವಿಜ್ಞಾನಿಗಳಿಗೆ ಇದು ನುಂಗಲಾರದ ತುತ್ತು ಆಗಿತ್ತು. ನಿಮಗೆ? ಕೆಜಿಗೆ 50 ಮೈಕ್ರೋಗ್ರಾಂ ಅಂದ್ರೆ 100 ಗ್ರಾಂಗೆ 5 ಮೈಕ್ರೋಗ್ರಾಂ. ನಿಮ್ಮ ಸ್ಕೇಲಿನ ಕೊನೆ ಅಂಕಿ 10 ಮಿಲಿಗ್ರಾಂ, ಅಂದ್ರೆ 10,000 ಮೈಕ್ರೋಗ್ರಾಂ. ಎರಡು ಸಾವಿರ ಪಟ್ಟು ದೂರ. ಆ ರಿಪೇರಿಯವ್ರು ಹೇಳಿದ ಸವಕಳಿಯನ್ನ ನಿಮ್ಮ ಸ್ಕೇಲ್ ಈ ಜನ್ಮದಲ್ಲಿ ನೋಡೋಕಾಗಲ್ಲ.

2018ರ ನವೆಂಬರ್ 16ರಂದು ವರ್ಸೈನಲ್ಲಿ ಸದಸ್ಯ ದೇಶಗಳು ಒಮ್ಮತದಿಂದ ಮತ ಹಾಕಿದ್ವು, 2019ರ ಮೇ 20ರಿಂದ ಹೊಸ ವ್ಯಾಖ್ಯೆ ಜಾರಿಗೆ ಬಂತು. ಈಗ ಕೆಜಿಗೆ ಆಧಾರ ಬಟ್ಟಲ್ಲ, ಪ್ಲಾಂಕ್ ಸ್ಥಿರಾಂಕ, ಅಂದ್ರೆ ಪ್ರಕೃತಿಯಲ್ಲಿ ಎಲ್ಲೆಡೆ ಒಂದೇ ಥರ ಇರೋ ಒಂದು ಸಂಖ್ಯೆ, ಅದರ ಬೆಲೆ 6.62607015 × 10⁻³⁴ ಜೂಲ್ ಸೆಕೆಂಡ್ ಅಂತ ಪಕ್ಕಾ ಮಾಡಿಬಿಟ್ರು. ಈ ಅಂಕಿ ಎಲ್ಲಿಂದ ಬಂತು ಅನ್ನೋದೇ ನಿಮ್ಮ ಪ್ರಶ್ನೆಗೆ ಉತ್ತರ. ಹಲವು ದೇಶದ ಲ್ಯಾಬುಗಳು ವರ್ಷಗಟ್ಟಲೆ ಹಳೇ ಕೆಜಿಯನ್ನೇ ಇಟ್ಕೊಂಡು ಇದನ್ನ ಅಳೆದಿದ್ವು, ಕೆಲವರು ಬ್ರಿಟಿಷ್ ವಿಜ್ಞಾನಿ ಬ್ರಯಾನ್ ಕಿಬಲ್ 1975ರಲ್ಲಿ ಯೋಚಿಸಿದ ತಕ್ಕಡಿಯಿಂದ, ಇನ್ನು ಕೆಲವರು ಶುದ್ಧ ಸಿಲಿಕಾನ್‌ನ ಗೋಲಿಯಲ್ಲಿ ಎಷ್ಟು ಪರಮಾಣು ಇದೆ ಅಂತ ಲೆಕ್ಕ ಹಾಕಿ, ಎರಡೂ ದಾರಿಯ ಉತ್ತರ ಕೂಡಿ ಬರೋವರೆಗೂ ಕಾದ್ರು. ಹೊಸ ಕೆಜಿ ಹಳೇ ಕೆಜಿಯಷ್ಟೇ ಇರ್ಬೇಕು, ಮಾರ್ಕೆಟ್‌ನಲ್ಲಿ ಒಂದು ಬಟ್ಟೂ ಬದಲಾಯಿಸೋ ಹಾಗಾಗಬಾರದು ಅನ್ನೋದೇ ಷರತ್ತು. ಹಾಗಾಗಿ "ಹೊಸ ಕೆಜಿಗೆ ಅಪ್‌ಗ್ರೇಡ್" ಅನ್ನೋ ಸರ್ವಿಸ್ ಜಗತ್ತಲ್ಲೇ ಇಲ್ಲ. ಸಿಂಪಲ್ ಆಗಿ ಹೇಳ್ಬೇಕಂದ್ರೆ, ಅದಕ್ಕೆ ದುಡ್ಡು ಕೇಳೋರು ಒಂದೋ ತಿಳೀದೆ ಕೇಳ್ತಿದ್ದಾರೆ, ಇಲ್ಲಾ ತಿಳಿದೇ ಕೇಳ್ತಿದ್ದಾರೆ.

ಹಾಗಾದ್ರೆ 99.88 ಎಲ್ಲಿಂದ ಬಂತು?

ಎಲೆಕ್ಟ್ರಾನಿಕ್ ಸ್ಕೇಲ್ ದ್ರವ್ಯರಾಶಿಯನ್ನ, ಅಂದ್ರೆ ವಸ್ತುವಿನಲ್ಲಿ ದ್ರವ್ಯ ಎಷ್ಟಿದೆ ಅನ್ನೋದನ್ನ ನೋಡಲ್ಲ, ತಟ್ಟೆ ಮೇಲೆ ಬಿದ್ದ ಒತ್ತಡವನ್ನ ನೋಡತ್ತೆ, ಆ ಒತ್ತಡ ಎಷ್ಟಿದ್ರೆ ಎಷ್ಟು ಗ್ರಾಂ ಅಂತ ಒಳಗೊಂದು ಲೆಕ್ಕ ಸೆಟ್ ಮಾಡಿರ್ತಾರೆ. ನಿಮ್ಮದಕ್ಕೆ ಆ ಲೆಕ್ಕ ದೆಹಲಿಯಲ್ಲಿ ಸೆಟ್ ಆಗಿದೆ. ಭೂಮಿ ಪೂರ್ತಿ ಗುಂಡಗಿಲ್ಲ, ಸಮಭಾಜಕದ ಹತ್ರ ಉಬ್ಬಿದೆ, ತಿರುಗೋ ವೇಗವೂ ಅಲ್ಲಿ ಜಾಸ್ತಿ, ಹಾಗಾಗಿ ದಕ್ಷಿಣಕ್ಕೆ ಬಂದಷ್ಟೂ ಗುರುತ್ವ ಕಮ್ಮಿ, ಎತ್ತರಕ್ಕೆ ಹೋದಷ್ಟೂ ಕಮ್ಮಿ. ದೆಹಲಿಯಲ್ಲಿ ಅದು ಸೆಕೆಂಡ್ ವರ್ಗಕ್ಕೆ 9.791 ಮೀಟರ್ ಆಸುಪಾಸು, ಸಾವಿರ ಮೀಟರ್ ಎತ್ತರದಲ್ಲಿರೋ ಚಿಕ್ಕಮಗಳೂರಲ್ಲಿ 9.780ರ ಹತ್ರ. ವ್ಯತ್ಯಾಸ ಶೇಕಡಾ 0.12ರ ಸುತ್ತಮುತ್ತ, 100 ಗ್ರಾಂಗೆ 0.12 ಗ್ರಾಂ. ನಿಮ್ಮ ಸ್ಕೇಲ್ ತೋರ್ಸಿದ್ದು 99.88. ಅಂದ್ರೆ ಅದು ಕೆಟ್ಟಿಲ್ಲ, ತನ್ನ ಕೆಲಸ ಎಷ್ಟು ನೀಟಾಗಿ ಮಾಡ್ತಿದೆ ಅಂದ್ರೆ ದೆಹಲಿಯಿಂದ ಬಂದಿದ್ದೀನಿ ಅಂತ ಅದೇ ಹೇಳ್ತಿದೆ!

ತಾತನ ತಕ್ಕಡಿಯಲ್ಲಿ ಈ ತಾಪತ್ರಯ ಇಲ್ಲ, ಎರಡೂ ತಟ್ಟೆ ಮೇಲೆ ಗುರುತ್ವ ಒಂದೇ ಸಮ ಕಮ್ಮಿ ಆಗತ್ತೆ, ಮುಳ್ಳಿಗೆ ಗೊತ್ತೇ ಆಗಲ್ಲ. ದೆಹಲಿಯಲ್ಲಿ ಇಟ್ರೂ ಅಷ್ಟೇ, ಮುಳ್ಳಯ್ಯನಗಿರಿ ಮೇಲೆ ಇಟ್ರೂ ಅಷ್ಟೇ.

ಇದು ಹೊಸ ವಿಷಯ ಅಲ್ಲ. 1672ರಲ್ಲಿ ಝಾನ್ ರಿಶೇ ಅನ್ನೋ ಫ್ರೆಂಚ್ ಖಗೋಳ ವಿಜ್ಞಾನಿ ದಕ್ಷಿಣ ಅಮೆರಿಕದ ಕೇಯೆನ್‌ಗೆ ಹೋದಾಗ, ಪ್ಯಾರಿಸ್‌ನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳೋಕೆ ಶುರುವಾಯ್ತು. ಮೊದ್ಲು ಶಾಖದಿಂದ ಸರಳು ಉದ್ದ ಆಗಿದೆ ಅಂದ್ರು ಕೆಲವರು, ಆಮೇಲೆ ನ್ಯೂಟನ್ ಇದನ್ನೇ ಹಿಡ್ಕೊಂಡು ಭೂಮಿ ಮಧ್ಯದಲ್ಲಿ ಉಬ್ಬಿದೆ ಅಂತ ವಾದ ಮಾಡಿದ. ನೀವು ದೆಹಲಿಯಲ್ಲಿ ಟೈಮ್ ಸೆಟ್ ಮಾಡಿದ ಲೋಲಕದ ಗಡಿಯಾರ ತಂದಿದ್ರೆ ಅದೂ ನಿಮ್ಮಲ್ಲಿ ದಿನಕ್ಕೆ 50 ಸೆಕೆಂಡ್ ಆಸುಪಾಸು ಹಿಂದೆ ಬೀಳ್ತಿತ್ತು. ಮೀಟರನ್ನೂ ಮೊದ್ಲು ಸೆಕೆಂಡಿಗೊಮ್ಮೆ ತೂಗೋ ಲೋಲಕದ ಉದ್ದ ಅಂತಲೇ ಇಡೋಣ ಅಂತ 1790ರಲ್ಲಿ ಫ್ರೆಂಚ್ ರಾಜಕಾರಣಿ ತಾಲೇರಾನ್ ಸೂಚಿಸಿದ್ದ, ಅದು ಊರಿಂದೂರಿಗೆ ಬದಲಾಗತ್ತಲ್ಲ ಅನ್ನೋದು ಅದನ್ನ ಕೈಬಿಡೋಕೆ ಒಂದು ಕಾರಣ. ಇಂಗ್ಲೆಂಡ್‌ನವ್ರು ಮಾತ್ರ 1824ರ ಕಾನೂನಲ್ಲಿ, ಅಸಲಿ ಗಜ (ಯಾರ್ಡ್) ಹಾಳಾದ್ರೆ ಲೋಲಕದಿಂದ ಮತ್ತೆ ಮಾಡ್ಕೋಬಹುದು ಅಂತ ಬರ್ಕೊಂಡ್ರು. ಆ ಲೋಲಕದ ಅಳತೆ ಮಾಡಿದ್ದು ಹೆನ್ರಿ ಕೇಟರ್, ಹಿಂದೆ ಬ್ರಿಟಿಷ್ ಸರ್ವೆ ಅಧಿಕಾರಿ ಲ್ಯಾಂಬ್ಟನ್ ಜೊತೆ ನಮ್ಮ ದಕ್ಷಿಣದ ಕಡೆ ಸರ್ವೆ ಕೆಲಸ ಮಾಡಿದ್ದವನೇ. 1834ರಲ್ಲಿ ಪಾರ್ಲಿಮೆಂಟಿಗೆ ಬೆಂಕಿ ಬಿದ್ದು ಗಜ ನಿಜವಾಗ್ಲೂ ಹಾಳಾಯ್ತು, ಆಗ ನೋಡಿದ್ರೆ ಲೋಲಕದ ದಾರಿ ನಂಬೋ ಹಾಗಿರ್ಲಿಲ್ಲ, ಕೊನೆಗೆ ಉಳಿದ ಕಾಪಿಗಳಿಂದಲೇ ಹೊಸ ಗಜ ಮಾಡಿದ್ರು. ಇನ್ನೊಂದು ತಮಾಷೆ, ಈಗಿನ ಕಿಬಲ್ ತಕ್ಕಡಿಯೂ ಗುರುತ್ವದಿಂದ ತಪ್ಪಿಸ್ಕೊಂಡಿಲ್ಲ. ಬಟ್ಟಿನ ಭಾರವನ್ನ ವಿದ್ಯುತ್ತಿನ ಬಲದ ಜೊತೆ ಸರಿದೂಗಿಸೋ ಯಂತ್ರ ಅದು, ಹಾಗಾಗಿ ಅದಿರೋ ಕೋಣೆಯಲ್ಲೇ ನಿರ್ವಾತದಲ್ಲಿ ಕನ್ನಡಿ ಬೀಳಿಸಿ ಲೇಸರ್‌ನಿಂದ ಗುರುತ್ವ ಅಳೀತಾರೆ.

ಸರಿ, ಈಗ ನೀವೇನ್ ಮಾಡ್ಬೇಕು.

ಮೊದಲನೇದು, ಆ ಸ್ಕೇಲಲ್ಲಿ ಇವತ್ತಿಂದ ವ್ಯಾಪಾರ ನಿಲ್ಸಿ. ಕಮ್ಮಿ ತೋರ್ಸೋ ಸ್ಕೇಲಲ್ಲಿ ಮಾರಿದ್ರೆ ನಿಮಗೆ ನಷ್ಟ, ಹಳೇ ಚಿನ್ನ ಕೊಂಡ್ರೆ ಗಿರಾಕಿಗೆ ಮೋಸ, ನೀವು ಬೇಕಂತ ಮಾಡಿಲ್ಲ ಅಂದ್ರೂ ಇನ್‌ಸ್ಪೆಕ್ಟರ್ ಕೇಳಲ್ಲ. ತೂಕ ಅಳತೆ ಪರಿಶೀಲಿಸೋ ನಮ್ಮ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಅದರ ಮೇಲೆ ಇದೆಯಾ ಅಂತ ನೀವು ಬರೆದಿಲ್ಲ, ದೆಹಲಿಯಿಂದ ನೇರ ಬಂದಿದ್ರೆ ಇಲ್ಲಿ ಆಗಿರಲ್ಲ ಅಂದ್ಕೊಂಡಿದ್ದೀನಿ. ಈಗಿನ ಸ್ಥಿತಿಯಲ್ಲಿ ತಗೊಂಡು ಹೋದ್ರೆ ಪಾಸೂ ಆಗಲ್ಲ.

ಸುಲಭದ ದಾರಿ ಅಂದ್ರೆ ಅಂಗಡಿಯಲ್ಲೇ, ಸ್ಕೇಲ್ ಯಾವ ಮೇಜಿನ ಮೇಲೆ ಇರತ್ತೋ ಅಲ್ಲೇ ಇಟ್ಟು, ಸರ್ಟಿಫಿಕೇಟ್ ಇರೋ ಬಟ್ಟಿನಿಂದ ಅಡ್ಜಸ್ಟ್ ಮಾಡಿಸೋದು. ಹತ್ತು ನಿಮಿಷದ ಕೆಲಸ. ಮಾಡೋರಿಗೆ ಇಲಾಖೆಯ ರಿಪೇರಿ ಲೈಸೆನ್ಸ್ ಇರ್ಬೇಕು, ನಂಬರ್ ಕೇಳಿ ಬರ್ಕೊಳ್ಳಿ, ಕೊಡೋಕೆ ಮೀನಮೇಷ ಎಣಿಸಿದ್ರೆ ಅಲ್ಲಿಗೇ ಬಿಟ್ಬಿಡಿ. ಇದರ ಅಪಾಯ ಏನಂದ್ರೆ, ಸೀಲ್ ಒಡೆದು ಅಡ್ಜಸ್ಟ್ ಮಾಡಿದ ಮೇಲೆ ಹಳೇ ಮುದ್ರೆಗೆ ಬೆಲೆ ಇಲ್ಲ, ಮತ್ತೆ ಇಲಾಖೆಯಿಂದ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸ್ಕೊಳ್ಳೇಬೇಕು. ಮತ್ತೆ ಅವ್ರು ತರೋ ಬಟ್ಟೇ ಸರಿ ಇಲ್ದಿದ್ರೆ ಸರಿಯಾಗಿದ್ದನ್ನೂ ಕೆಡಿಸಿ ಹೋಗ್ತಾರೆ, ಇದು ನಾನು ಕಣ್ಣಾರೆ ಕಂಡಿರೋದು, ಬರಿಗೈಯಲ್ಲಿ ಹಿಡಿದು ಹಿಡಿದು ಜಿಡ್ಡು ಕೂತಿರೋ, ಬುಡದಲ್ಲಿ ಗೀರು ಬಿದ್ದಿರೋ ಬಟ್ಟು ಜೇಬಿಂದ ತೆಗೀತಾರೆ! ಎನ್‌ಎಬಿಎಲ್ (ಲ್ಯಾಬುಗಳನ್ನ ಪರೀಕ್ಷಿಸಿ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬಿನ ಸರ್ಟಿಫಿಕೇಟ್ ತೋರ್ಸಿ ಅನ್ನಿ, ಅದರಲ್ಲಿ ಬಟ್ಟಿನ ನಂಬರ್, ತಾರೀಕು, ದೋಷ ಎಷ್ಟು, ಅನಿಶ್ಚಿತತೆ (ಆ ಅಳತೆ ಎಷ್ಟು ಆಚೀಚೆ ಇರಬಹುದು) ಎಷ್ಟು ಅಂತ ಇರತ್ತೆ. ಆ ಲ್ಯಾಬಿನ ಬಟ್ಟು ಅದಕ್ಕಿಂತ ಮೇಲಿನ ಲ್ಯಾಬಿನಲ್ಲಿ ತೂಗಿರೋದು, ಅದು ಕೊನೆಗೆ ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಿ ಮುಟ್ಟತ್ತೆ. ನೀವು ದುಡ್ಡು ಕೊಡ್ಬೇಕಾಗಿರೋದು ಈ ಸರಪಳಿಗೆ.

ಒಂದು ಗೊಂದಲ ಎಲ್ರಿಗೂ ಇದೆ. ಕ್ಯಾಲಿಬ್ರೇಷನ್ ಅಂದ್ರೆ ಸರಿಪಡಿಸೋದು ಅಲ್ಲ, ಎಷ್ಟು ತಪ್ಪಿದೆ ಅಂತ ಅಳೆದು ಬರೆದುಕೊಡೋದು. ಸರಿಪಡಿಸೋದು ಅಡ್ಜಸ್ಟ್‌ಮೆಂಟ್. ಇಲಾಖೆ ಮುದ್ರೆ ಇನ್ನೊಂದು, ಅದು ವ್ಯಾಪಾರಕ್ಕೆ ಬಳಸಬಹುದು ಅನ್ನೋ ಕಾನೂನಿನ ಒಪ್ಪಿಗೆ. ಒಂದಿದ್ರೆ ಇನ್ನೊಂದು ಬೇಡ ಅಂತಿಲ್ಲ. ಎಲೆಕ್ಟ್ರಾನಿಕ್ ಸ್ಕೇಲಿಗೆ ಮುದ್ರೆ ವರ್ಷಕ್ಕೊಮ್ಮೆ, ಕೈತಕ್ಕಡಿಗೆ ಮತ್ತು ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ. ಹಾಗಾಗಿ ತಾತನ ತಕ್ಕಡಿಗೂ ಮುದ್ರೆ ಹಾಕಿಸ್ತಾ ಇರಿ.

ಕೆಲವು ಮಾಡೆಲ್‌ಗಳಲ್ಲಿ ಮೆನುವಲ್ಲಿ ಊರಿನ ಗುರುತ್ವ ಹಾಕೋ ಆಪ್ಷನ್ ಇರತ್ತೆ, ಅದನ್ನ ನೀವೇ ಒತ್ತೋಕೆ ಹೋಗ್ಬೇಡಿ, ಒಂದು ಅಂಕಿ ತಪ್ಪಿದ್ರೆ ಗೊತ್ತೇ ಆಗಲ್ಲ. ಇನ್ನು ಕೆಲವರು 99.88 ಬಂದ್ರೆ 0.12 ಸೇರಿಸ್ಕೊಂಡು ಬಿಲ್ ಬರೀರಿ ಅಂತ ಸಲಹೆ ಕೊಡ್ತಾರೆ, ದಯವಿಟ್ಟು ಬೇಡ. ಲೆಕ್ಕ ಸರಿಯಾಗಿದ್ರೂ ಪರದೆ ಮೇಲೆ ಒಂದು ಬಿಲ್ಲಲ್ಲಿ ಒಂದು ಅಂದ್ರೆ ಗಿರಾಕಿಗೆ ಏನಂತ ಹೇಳ್ತೀರಿ.

ದುಡ್ಡು ಹಾಕೋಕೆ ರೆಡಿ ಇದ್ರೆ ಒಳಗಡೆನೇ ಬಟ್ಟು ಇರೋ ಸ್ಕೇಲ್ ಬರತ್ತೆ, ಬಟನ್ ಒತ್ತಿದ್ರೆ ಒಳಗಿನ ಮೋಟರ್ ಬಟ್ಟನ್ನ ಇಳಿಸಿ ಆಯಾ ಊರಿಗೆ ತಾನೇ ಸೆಟ್ ಮಾಡ್ಕೊಳ್ಳತ್ತೆ. ಒಳ್ಳೇದು, ಆದ್ರೆ ಬೆಲೆ ಜಾಸ್ತಿ, ಒಳಗಿನ ಬಟ್ಟಿಗೂ ವಯಸ್ಸಾಗತ್ತೆ, ಅದನ್ನ ನೋಡೋಕೂ ಹೊರಗಿನ ಬಟ್ಟು ಬೇಕು, ಮುದ್ರೆಯಿಂದಲೂ ವಿನಾಯಿತಿ ಇಲ್ಲ. ನಿಮ್ಮ ಅಂಗಡಿಗೆ ನನ್ನ ಪ್ರಕಾರ ಇರೋ ಸ್ಕೇಲನ್ನೇ ಇಲ್ಲಿ ಸೆಟ್ ಮಾಡಿಸಿ, ಉಳಿದ ದುಡ್ಡಲ್ಲಿ ಎಫ್2 ದರ್ಜೆಯ ಒಂದು 100 ಗ್ರಾಂ ಬಟ್ಟು ತಗೊಂಡು ಡಬ್ಬಿಯಲ್ಲಿ ಇಡೋದು ಬುದ್ಧಿವಂತಿಕೆ. ಆ ದರ್ಜೆಯಲ್ಲಿ 100 ಗ್ರಾಂಗೆ ಒಪ್ಪೋ ದೋಷ 1.6 ಮಿಲಿಗ್ರಾಂ ಮಾತ್ರ, ನಿಮಗೆ ಬೇಕಾದಷ್ಟಾಯ್ತು. ಇಕ್ಕಳದಲ್ಲೇ ಎತ್ತಿ, ಬೆಳಗ್ಗೆ ಅಂಗಡಿ ತೆಗೆದು ಸ್ಕೇಲ್ ಆನ್ ಮಾಡಿ ಅರ್ಧ ಗಂಟೆ ಬಿಟ್ಟು, ಲೆವೆಲ್ ಗುಳ್ಳೆ ನಡುವೆ ಇದೆಯಾ ನೋಡಿ, ಫ್ಯಾನ್ ಆಫ್ ಮಾಡಿ, ಒಂದ್ಸಲ ಇಟ್ಟು ಬಂದ ಅಂಕಿಯನ್ನ ಒಂದು ನೋಟ್‌ಬುಕ್ಕಲ್ಲಿ ಬರೀರಿ. ಅಂಕಿ ಜಾರೋಕೆ ಶುರುವಾದ್ರೆ ವರ್ಷ ಕಾಯದೇ ಗೊತ್ತಾಗತ್ತೆ. ಮುಂದೆ ಮಂಗಳೂರಿಗೆ ಬ್ರಾಂಚ್ ಅಂತ ಸ್ಕೇಲ್ ಒಯ್ದ್ರೆ ಈ ಸಲ ಉಲ್ಟಾ, ಘಟ್ಟ ಇಳಿದ್ರೆ 100 ಗ್ರಾಂಗೆ 20-30 ಮಿಲಿಗ್ರಾಂ ಆಸುಪಾಸು ಜಾಸ್ತಿ ತೋರ್ಸತ್ತೆ, ಅಲ್ಲಿ ಮತ್ತೆ ಸೆಟ್ ಮಾಡಿಸ್ಬೇಕು.

ಇನ್ನು ತೊಲದ ಗಿರಾಕಿ. ಅವ್ರಿಗೆ ಬೇಜಾರಾಗೋ ಬದಲು ಖುಷಿ ಆಗ್ಬೇಕಿತ್ತು. 1833ರಲ್ಲಿ ಕಂಪನಿ ಸರ್ಕಾರ ತೊಲವನ್ನ 180 ಗ್ರೇನ್ ಅಂತ ಗೊತ್ತು ಮಾಡ್ತು, ಅಂದ್ರೆ 11.6638 ಗ್ರಾಂ, ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ, ಅದಕ್ಕೇ ನಮ್ಮ ಹಿರಿಯರು ರೂಪಾಯಿ ನಾಣ್ಯವನ್ನೇ ಬಟ್ಟಾಗಿ ಇಡ್ತಿದ್ರು. 80 ತೊಲಕ್ಕೆ ಒಂದು ಸೇರು, ಅಂದ್ರೆ 933 ಗ್ರಾಂ, 40 ಸೇರಿಗೆ ಒಂದು ಮಣ. 1956ರಲ್ಲಿ ಮೆಟ್ರಿಕ್ ಕಾನೂನು ಬಂತು, 1957ರಲ್ಲಿ ನಯಾ ಪೈಸೆ, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಗ್ರಾಂ ಕೆಜಿ. ಅದಾದ ಮೇಲೆ ಲೆಕ್ಕಕ್ಕೆ ಸಲೀಸು ಅಂತ ವ್ಯಾಪಾರದಲ್ಲಿ 10 ಗ್ರಾಂಗೇ ತೊಲ ಅನ್ನೋ ರೂಢಿ ಬೆಳೀತು, ಹಳೇ ತೊಲ ಚಿನ್ನದ ಬಿಸ್ಕತ್‌ನಲ್ಲಿ ಮಾತ್ರ ಉಳ್ಕೊಂಡಿತು, ಸ್ಮಗ್ಲಿಂಗ್ ಸುದ್ದಿಯಲ್ಲಿ ಕೇಳ್ತಿದ್ದ 10 ತೊಲ ಬಿಸ್ಕತ್ 116.64 ಗ್ರಾಂದು.

1950ರ ದಶಕದ ಚೀಟಿ ಅಂದ್ರೆ ಹೆಚ್ಚುಕಮ್ಮಿ ಖಂಡಿತ ಹಳೇ ತೊಲ. 116.64 ಇರ್ಬೇಕಾದ ಕಡೆ 116 ಚಿಲ್ಲರೆ ಬರ್ತಿದೆ, ಇಷ್ಟು ವರ್ಷ ಕತ್ತಲ್ಲಿದ್ದ ಸರದ ಕೊಂಡಿಗಳು ಅಷ್ಟು ಸವೆಯೋದು ಸಹಜ. ಅವ್ರ ಎದುರಿಗೇ ಮುದ್ರೆ ಇರೋ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ, ಹಳೇ ಚೀಟಿಯ ಒಂದು ಜೆರಾಕ್ಸ್ ಇಟ್ಕೊಂಡು, ಅದರ ಮೇಲೆ 10 ತೊಲ ಅಂದ್ರೆ 116.64 ಗ್ರಾಂ, ಇವತ್ತಿನ ತೂಕ ಇಷ್ಟು, ತಾರೀಕು ಇದು, ಯಾವ ತಕ್ಕಡಿ ಅಂತ ಬರೆದು ಸಹಿ ಮಾಡಿ ಕೊಡಿ. ಮನೆಯಲ್ಲಿ ಪಾಲಿನ ಮಾತು ಏನಾದ್ರೂ ನಡೀತಿದ್ರೆ ಆ ಕಾಗದ ಅವ್ರಿಗೇ ಬೇಕಾಗತ್ತೆ.